ಒಂದು ಟಿಕ್, ಮೂರು ಕೆಲಸ: ವಿಡಿಯೊ ಎಡಿಟಿಂಗ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾಡುವುದೇನು?

ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ಎಡಿಟಿಂಗ್ ಮಾಡುವವರು ಒಂದಲ್ಲ ಒಂದು ದಿನ ತಂತ್ರಾಂಶದ ಸೆಟ್ಟಿಂಗ್ಸ್ ತೆರೆದು, ಹಾರ್ಡ್‌ವೇರ್ ಆಕ್ಸಿಲರೇಶನ್ ಎಂದೋ ಜಿಪಿಯು ಆಕ್ಸಿಲರೇಶನ್ (ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನ ಚಿಪ್‌ಗೆ ವಹಿಸಿ ವೇಗ ಹೆಚ್ಚಿಸುವುದು) ಎಂದೋ ಬರೆದಿರುವ ಸಾಲಿನ ಮುಂದಿನ ಚೌಕದಲ್ಲಿ ಟಿಕ್ ಹಾಕಿಯೇ ಇರುತ್ತಾರೆ. ಆ ಟಿಕ್‌ನಿಂದ ಒಬ್ಬರ ಎಕ್ಸ್‌ಪೋರ್ಟ್ ಸಮಯ ಅರ್ಧಕ್ಕಿಳಿಯುತ್ತದೆ, ಇನ್ನೊಬ್ಬರಿಗೆ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ, ಮತ್ತೊಬ್ಬರ ತಂತ್ರಾಂಶ ನಡುದಾರಿಯಲ್ಲೇ ಮುಚ್ಚಿಕೊಳ್ಳುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೂ ಟೈಮ್‌ಲೈನ್ ಮೊದಲಿನಂತೆಯೇ ತಡವರಿಸಿದರೆ ಕಾರ್ಡನ್ನೋ ಅಂಗಡಿಯವರನ್ನೋ ಬೈಯುವುದು ಸಹಜ. ಆದರೆ ಆ ಒಂದು ಚೌಕದ ಹಿಂದೆ ಮೂರು ಕೆಲಸಗಳು ಅಡಗಿವೆ. ಕಾರ್ಡಿನ ಒಳಗೆ ಅವುಗಳನ್ನು ಮಾಡುವ ಭಾಗಗಳೂ ಬೇರೆ ಬೇರೆ. ಮೂರರಲ್ಲಿ ಯಾವುದು ಸಿಕ್ಕಿಕೊಂಡಿದೆಯೋ ಒಟ್ಟು ಕೆಲಸ ಅದರ ವೇಗದಲ್ಲೇ ನಡೆಯುತ್ತದೆ.

ನಿದರ್ಶನಕ್ಕೆ, ಗೃಹಪ್ರವೇಶದ ದಿನ ಫೋನಿನಲ್ಲಿ 4ಕೆ ಗಾತ್ರದಲ್ಲಿ ಹಿಡಿದ ಒಂದು ತುಣುಕನ್ನು ತೆಗೆದುಕೊಳ್ಳೋಣ. ಅದರ ಒಂದೊಂದು ಫ್ರೇಮಿನಲ್ಲಿ ಅಡ್ಡಕ್ಕೆ 3840, ಮೇಲಿನಿಂದ ಕೆಳಕ್ಕೆ 2160ರಂತೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್ ಎಂದು ಹಿಡಿದರೂ ಒಂದು ಫ್ರೇಮಿಗೆ ಸುಮಾರು 25 ಎಂಬಿ ಬೇಕು. ಸೆಕೆಂಡಿಗೆ 30 ಫ್ರೇಮ್ ಎಂದರೆ ಸುಮಾರು 750 ಎಂಬಿ. ಫೋನು ಇದನ್ನು ಇದ್ದಂತೆಯೇ ಬರೆದಿಡುತ್ತಾ ಹೋದರೆ 128 ಜಿಬಿ ಜಾಗ ಮೂರು ನಿಮಿಷದೊಳಗೆ ತುಂಬಿಹೋಗುತ್ತದೆ, ಅಂದರೆ ಹಾಲು ಉಕ್ಕುವ ಮೊದಲೇ ಫೋನು ಕೈಚೆಲ್ಲುತ್ತದೆ. ಹಾಗಾಗದಿರುವುದಕ್ಕೆ ಕಾರಣ, ಫೋನು ಅದನ್ನು ಮಡಚಿ ಮಡಚಿ ಸೆಕೆಂಡಿಗೆ 45 ಮೆಗಾಬಿಟ್‌ನ ಆಸುಪಾಸಿಗೆ, ಎಂದರೆ ಐದಾರು ಎಂಬಿಗೆ ಇಳಿಸಿರುತ್ತದೆ. ಮೂಲಕ್ಕೆ ಹೋಲಿಸಿದರೆ ಇದು ನೂರಮೂವತ್ತರಲ್ಲಿ ಒಂದು ಪಾಲು. ಎಡಿಟಿಂಗ್ ತಂತ್ರಾಂಶ ಮಾಡಬೇಕಾದ ಮೊದಲನೆಯ ಕೆಲಸ ಈ ಮಡಿಕೆಯನ್ನು ಬಿಚ್ಚುವುದು, ಅಂದರೆ ಡಿಕೋಡ್ ಮಾಡುವುದು. ಬಿಚ್ಚಿದ ಚಿತ್ರಕ್ಕೆ ಬಣ್ಣ ತಿದ್ದುವುದು, ಹೆಸರು ಸೇರಿಸುವುದು, ಗಾತ್ರ ಬದಲಿಸುವುದು ಎರಡನೆಯದು. ಸಿದ್ಧವಾದ ಚಿತ್ರವನ್ನು ಮತ್ತೆ ಮಡಚಿ ಫೈಲ್ ಮಾಡುವುದು, ಅಂದರೆ ಎನ್‌ಕೋಡ್ ಮಾಡುವುದು, ಮೂರನೆಯದು.

ಹೆಚ್ಚಿನವರಿಗೆ ತೊಂದರೆ ಕೊಡುವುದು ಮೊದಲನೆಯದೇ. ಆದರೆ ಅದರ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ. ವಿಡಿಯೊ ಮಡಚುವ ವಿಧಾನಗಳಾದ, 2003ರಲ್ಲಿ ಮಾನಕವಾದ ಎಚ್.264 ಆಗಲಿ, 2013ರ ಎಚ್‌ಇವಿಸಿ ಆಗಲಿ, ಪ್ರತಿ ಫ್ರೇಮನ್ನೂ ಪೂರ್ತಿ ಚಿತ್ರವಾಗಿ ಇಟ್ಟುಕೊಳ್ಳುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ಣ ಚಿತ್ರವಿರುತ್ತದೆ. ಅದಕ್ಕೆ ಐ-ಫ್ರೇಮ್ ಎನ್ನುತ್ತಾರೆ. ಎರಡು ಪೂರ್ಣ ಚಿತ್ರಗಳ ನಡುವಿನ ಫ್ರೇಮ್‌ಗಳಲ್ಲಿ ಇರುವುದು ಬರೀ ವ್ಯತ್ಯಾಸ: ಪುರೋಹಿತರ ಕೈ ಇಷ್ಟು ಬಲಕ್ಕೆ ಸರಿಯಿತು, ದೀಪದ ಕುಡಿ ಇಷ್ಟು ಅಲುಗಿತು, ಉಳಿದ ಗೋಡೆ ಹಿಂದಿನಂತೆಯೇ ಇದೆ ಎಂಬ ಬಗೆಯ ಟಿಪ್ಪಣಿ. ಕೆಲವು ಫ್ರೇಮ್‌ಗಳು ಹಿಂದಿನದನ್ನು ಮಾತ್ರವಲ್ಲದೆ ಮುಂದೆ ಬರುವ ಫ್ರೇಮನ್ನೂ ಆಧರಿಸಿರುತ್ತವೆ. ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ನೋಡುವಾಗ ಇದರಿಂದ ತೊಂದರೆಯಿಲ್ಲ. ಎಡಿಟಿಂಗ್ ಮಾಡುವವರು ಹಾಗೆ ನೋಡುವುದಿಲ್ಲ. ಟೈಮ್‌ಲೈನಿನ ಗೆರೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ, ನಡುವೆ ಎಲ್ಲೋ ನಿಲ್ಲಿಸುತ್ತಾರೆ. ನಿಲ್ಲಿಸಿದ ಜಾಗ ಐ-ಫ್ರೇಮಿನಿಂದ 25ನೆಯದಾಗಿದ್ದರೆ ಆ ಒಂದು ಚಿತ್ರವನ್ನು ತೋರಿಸಲು ತಂತ್ರಾಂಶ ಹಿಂದಿನ ಐ-ಫ್ರೇಮಿಗೆ ಹೋಗಿ ನಡುವೆ ಆಧಾರವಾಗಿರುವ ಫ್ರೇಮ್‌ಗಳನ್ನೆಲ್ಲ ಬಿಚ್ಚಿಕೊಂಡು ಬರಬೇಕು. ಮೌಸ್ ಎಳೆದಾಗ ಚಿತ್ರ ಒಂದು ಕ್ಷಣ ತಡವಾಗಿ ಬರುವುದು ಇದೇ ಕಾರಣಕ್ಕೆ.

ಸಾವಿರಾರು ಕೋರ್‌ಗಳಿರುವ, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳಿರುವ ಕಾರ್ಡು ಈ ಬಿಚ್ಚುವ ಕೆಲಸವನ್ನು ಹಂಚಿಕೊಂಡು ಮಾಡಬಾರದೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಒತ್ತಾಗಿ ಕಟ್ಟಿದ ಮಲ್ಲಿಗೆ ದಂಡೆಯನ್ನು ಗಂಟು ಗಂಟಾಗಿ ಬಿಚ್ಚಬೇಕಾದಾಗ ಸುತ್ತ ಸಾವಿರ ಜನ ನಿಂತಿದ್ದರೂ ಕೆಲಸವಿರುವುದು ಒಬ್ಬರ ಕೈಗೆ ಮಾತ್ರ. ಸಂಕುಚಿತ ವಿಡಿಯೊದ ಕೊನೆಯ ಹಂತದ ಬಿಟ್‌ಗಳ ಹೆಣಿಗೆಯೂ ಹಾಗೆಯೇ ಇದೆ: ಮುಂದಿನ ಬಿಟ್‌ನ ಅರ್ಥ ತಿಳಿಯಲು ಹಿಂದಿನದು ತಿಳಿದಿರಬೇಕು. ಹೀಗಾಗಿ ತಯಾರಕರು ಈ ಕೆಲಸಕ್ಕೆಂದೇ ಚಿಪ್‌ನ ಒಂದು ಮೂಲೆಯಲ್ಲಿ ಪ್ರತ್ಯೇಕ ಸರ್ಕ್ಯೂಟ್ ಕೂರಿಸಿದರು. ಮನೆ ಬಳಕೆಯ ಪ್ರೊಸೆಸರ್‌ಗಳಲ್ಲಿ ಇಂಟೆಲ್ 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯೊಂದಿಗೆ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಬಿಚ್ಚುವ, ಮಡಚುವ ಎರಡೂ ಸೌಲಭ್ಯಗಳನ್ನು ತಂದಿತು. ಮರುವರ್ಷ ಎನ್‌ವಿಡಿಯಾ ತನ್ನ ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ ಎನ್‌ವೆಂಕ್ (NVENC) ಎಂಬ ಮಡಚುವ ಸರ್ಕ್ಯೂಟನ್ನು ಸೇರಿಸಿತು. ಆಟಗಳನ್ನು ಓಡಿಸುವ ಕೋರ್‌ಗಳಿಗೂ ಈ ಸರ್ಕ್ಯೂಟಿಗೂ ನೇರ ಸಂಬಂಧವಿಲ್ಲ. ಕಾರ್ಡಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಕೋರ್‌ಗಳ ಸಂಖ್ಯೆ, ಮೆಮೊರಿಯ ಜಿಬಿ, ಎರಡೂ ಈ ಸರ್ಕ್ಯೂಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸರ್ಕ್ಯೂಟ್ ಎಂದ ಮೇಲೆ ಅದಕ್ಕೆ ತಯಾರಿಕೆಯ ಹೊತ್ತಿನಲ್ಲಿ ಕಲಿಸಿದ್ದು ಮಾತ್ರ ಗೊತ್ತು. ಫೋನುಗಳ ಹೆಚ್ಚಿನ ವಿಡಿಯೊದಲ್ಲಿ ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಕಡಿಮೆ ಮಾಡಿರುತ್ತಾರೆ. ಇದನ್ನು 4:2:0 ಎಂದು ಬರೆಯುವುದು ರೂಢಿ. ಮದುವೆ ಛಾಯಾಗ್ರಾಹಕರ ಕೈಯಲ್ಲಿ ಈಗ ಸಾಮಾನ್ಯವಾಗಿರುವ ಮಿರರ್‌ಲೆಸ್ ಕ್ಯಾಮೆರಾಗಳು ಇದಕ್ಕಿಂತ ಎರಡು ಪಟ್ಟು ಬಣ್ಣದ ಮಾಹಿತಿಯಿರುವ 4:2:2, ಅದೂ 10 ಬಿಟ್‌ನ ವಿಡಿಯೊವನ್ನು ಬರೆಯಬಲ್ಲವು. ಇಂಟೆಲ್‌ನ 11ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಇಂಥ ಎಚ್‌ಇವಿಸಿ ಫೈಲನ್ನು ಬಿಚ್ಚುತ್ತಿತ್ತು. ಎನ್‌ವಿಡಿಯಾದ ಕಾರ್ಡುಗಳಿಗೆ ಆ ಶಕ್ತಿ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೂ ಮೊದಲಿನ ಲಕ್ಷ ರೂಪಾಯಿಯ ಕಾರ್ಡು ಕಂಪ್ಯೂಟರಿನಲ್ಲಿದ್ದರೂ 4:2:2 ಫೈಲ್ ಎದುರಾದಾಗ ಬಿಚ್ಚುವ ಸರ್ಕ್ಯೂಟ್ ಸುಮ್ಮನೆ ಕುಳಿತು, ಭಾರವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತಿತ್ತು. ಆಗ ಉಪಯೋಗಕ್ಕೆ ಬಂದದ್ದು, ಯಾರೂ ಲೆಕ್ಕಕ್ಕಿಡದ ಪ್ರೊಸೆಸರ್ ಒಳಗಿನ ಪುಟ್ಟ ಗ್ರಾಫಿಕ್ಸ್. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ತಮಾಷೆಯ ಸಂಗತಿ ಇದು.

ಎರಡನೆಯ ಕೆಲಸಕ್ಕೆ ಬಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ತೆಗೆದ ದೃಶ್ಯವನ್ನು ಸ್ವಲ್ಪ ಬೆಳಗಿಸಬೇಕು ಎಂದಿಟ್ಟುಕೊಳ್ಳಿ. ಮೇಲಿನ ಎಡ ಮೂಲೆಯ ಪಿಕ್ಸೆಲ್ ಎಷ್ಟು ಬೆಳಗಬೇಕು ಎಂಬುದಕ್ಕೆ ಕೆಳಗಿನ ಬಲ ಮೂಲೆಯದನ್ನು ಕೇಳಬೇಕಿಲ್ಲ. 83 ಲಕ್ಷ ಪಿಕ್ಸೆಲ್‌ಗಳಿಗೂ ಒಂದೇ ಸೂತ್ರ, ಒಂದು ಇನ್ನೊಂದಕ್ಕೆ ಕಾಯಬೇಕಾಗಿಲ್ಲ. ಅಂಗಳದ ತುಂಬ ಎಳೆದ ರಂಗೋಲಿಗೆ ಬಣ್ಣ ತುಂಬುವಾಗ ಜನ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುವಂತೆ, ಇಲ್ಲಿ ಕೋರ್‌ಗಳ ಸಂಖ್ಯೆ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ಮನೆಯ ಪ್ರೊಸೆಸರಿನಲ್ಲಿ ಆರೋ ಎಂಟೋ ಹನ್ನೆರಡೋ ಕೋರ್‌ಗಳಿದ್ದರೆ, ಎನ್‌ವಿಡಿಯಾದ ಜಿಟಿಎಕ್ಸ್ 1650ರಲ್ಲಿ 896, ಆರ್‌ಟಿಎಕ್ಸ್ 3060ರಲ್ಲಿ 3584 ಇವೆ. ಕಾರ್ಡಿನ ಒಂದೊಂದು ಕೋರ್ ಪ್ರೊಸೆಸರಿನ ಕೋರ್‌ನಷ್ಟು ಜಾಣವೂ ಅಲ್ಲ, ಚುರುಕೂ ಅಲ್ಲ. ಒಂದೇ ಬಗೆಯ ಲೆಕ್ಕವನ್ನು ಸಾವಿರ ಕಡೆ ಒಟ್ಟಿಗೆ ಮಾಡುವುದರಲ್ಲಿ ಅವುಗಳ ಬಲವಿದೆ. ಬಣ್ಣ ತಿದ್ದುವುದು, ಗಾತ್ರ ಬದಲಿಸುವುದು, ಮಸುಕು ಮಾಡುವುದು, ಒಂದರ ಮೇಲೊಂದು ದೃಶ್ಯವನ್ನು ಬೆರೆಸುವುದು, ಕತ್ತಲಲ್ಲಿ ಚಿತ್ರದ ತುಂಬ ಕುಣಿಯುವ ಕಾಳುಗಳನ್ನು ತೆಗೆಯುವುದು, ಇವೆಲ್ಲ ಈ ಗುಂಪಿನವು. ರಾತ್ರಿಯಿಡೀ ನಡೆದ ಬಯಲಾಟವನ್ನು ಫೋನಿನಲ್ಲಿ ಹಿಡಿದವರು ಆ ಕಾಳುಗಳನ್ನು ತೆಗೆಯಲು ಹೊರಟರೆ, ಒಳ್ಳೆಯ ಕಾರ್ಡಿಗೂ ಅದಿಲ್ಲದ್ದಕ್ಕೂ ಇರುವ ಅಂತರ ಏನೆಂದು ತಿಳಿಯುತ್ತದೆ, ಏಕೆಂದರೆ ಆ ಸೌಲಭ್ಯ ಒಂದು ಫ್ರೇಮನ್ನು ಶುಚಿ ಮಾಡಲು ಅದರ ಹಿಂದುಮುಂದಿನ ಹಲವು ಫ್ರೇಮ್‌ಗಳನ್ನೂ ಪಿಕ್ಸೆಲ್ ಪಿಕ್ಸೆಲ್ ಹೋಲಿಸಿ ನೋಡುತ್ತದೆ.

ಕಾರ್ಡಿನ ಕೋರ್‌ಗಳಿಗೆ ಆಟದ ಹೊರಗಿನ ಕೆಲಸ ಹೇಳುವ ಭಾಷೆ ಸಿದ್ಧವಾದದ್ದು ತೀರ ಹಿಂದೇನಲ್ಲ. ಎನ್‌ವಿಡಿಯಾದ ಕುಡಾ 2007ರಲ್ಲಿ ಪ್ರೋಗ್ರಾಮರ್‌ಗಳ ಕೈಗೆ ಬಂತು. ಎಲ್ಲ ತಯಾರಕರ ಕಾರ್ಡುಗಳಿಗೂ ಹೊಂದುವ ಓಪನ್‌ಸಿಎಲ್ ಮರುವರ್ಷ ಮಾನಕವಾಯಿತು. ಆಪಲ್ 2014ರಲ್ಲಿ ಮೆಟಲ್ ತಂದಿತು. 2010ರಲ್ಲಿ ಬಂದ ಅಡೋಬಿ ಪ್ರೀಮಿಯರ್ ಪ್ರೊ ಸಿಎಸ್5 ಕುಡಾ ಬಳಸತೊಡಗಿದಾಗ ಅದು ಒಪ್ಪಿಕೊಳ್ಳುತ್ತಿದ್ದದ್ದು ಬೆರಳೆಣಿಕೆಯ ಕಾರ್ಡುಗಳನ್ನು ಮಾತ್ರ, ಮತ್ತು ಆ ಹೆಸರುಗಳು ತಂತ್ರಾಂಶದ ಫೋಲ್ಡರಿನ ಒಂದು ಸಾದಾ ಪಠ್ಯ ಫೈಲಿನಲ್ಲಿದ್ದವು. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತಮ್ಮ ಕಾರ್ಡಿನ ಹೆಸರನ್ನು ಒಂದು ಸಾಲಾಗಿ ಸೇರಿಸಿ ಉಳಿಸಿದರೆ ಸಾಕು, ಪಟ್ಟಿಯಲ್ಲಿಲ್ಲದ ಕಾರ್ಡೂ ಕೆಲಸಕ್ಕೆ ನಿಲ್ಲುತ್ತಿತ್ತು. ಮನೆಯ ಬಳಕೆದಾರರು ಕಾರ್ಡಿನ ವೇಗವನ್ನು ಮೊದಲು ಕಂಡದ್ದು ಎಷ್ಟೋ ಕಡೆ ಈ ಹಿತ್ತಿಲ ಬಾಗಿಲಿನಿಂದಲೇ.

ಎರಡನೆಯ ಕೆಲಸದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ತಂತ್ರಾಂಶದ ಎಲ್ಲ ಎಫೆಕ್ಟ್‌ಗಳನ್ನೂ ಕಾರ್ಡಿಗಾಗಿ ಬರೆದಿರುವುದಿಲ್ಲ. ಫ್ರೇಮೊಂದು ಕಾರ್ಡಿನ ಮೆಮೊರಿಗೆ ಹೋಗಿ ಬಣ್ಣ ತಿದ್ದಿಸಿಕೊಂಡು, ಪ್ರೊಸೆಸರಿನಲ್ಲಿ ಮಾತ್ರ ಓಡುವ ಹಳೆಯ ಎಫೆಕ್ಟ್ ಒಂದಕ್ಕಾಗಿ ಮತ್ತೆ ಕಂಪ್ಯೂಟರಿನ ಮೆಮೊರಿಗೆ ಇಳಿದು, ಅಲ್ಲಿಂದ ಪುನಃ ಕಾರ್ಡಿಗೆ ಹತ್ತಬೇಕಾದರೆ, ಲೆಕ್ಕ ಮಾಡಿ ಉಳಿಸಿದ ಸಮಯ ಓಡಾಟದಲ್ಲೇ ಕಳೆದುಹೋಗಬಹುದು. ಎಫೆಕ್ಟ್‌ಗಳ ನಡುವೆ ಇಂಥ ಒಂದು ಸಿಕ್ಕಿಕೊಂಡಿದ್ದರೆ, ಅದನ್ನು ತೆಗೆದು ಅಂಥದ್ದೇ ಬೇರೆ ಎಫೆಕ್ಟ್ ಹಾಕಿದಾಗ ಕಾರ್ಡ್ ಬದಲಿಸಿದಷ್ಟು ವೇಗ ಬರುವುದುಂಟು. ಎರಡನೆಯದು ಮೆಮೊರಿ. ಬಣ್ಣದ ಲೆಕ್ಕ ಸೂಕ್ಷ್ಮವಾಗಿರಲೆಂದು ಒಳ್ಳೆಯ ತಂತ್ರಾಂಶಗಳು ಪ್ರತಿ ಪಿಕ್ಸೆಲ್‌ನ ನಾಲ್ಕು ಮೌಲ್ಯಗಳಿಗೂ (ಮೂರು ಬಣ್ಣ, ಜೊತೆಗೆ ಪಾರದರ್ಶಕತೆ) ನಾಲ್ಕು ನಾಲ್ಕು ಬೈಟ್ ಕೊಡುತ್ತವೆ. ಆಗ 4ಕೆ ಗಾತ್ರದ ಒಂದೇ ಫ್ರೇಮ್ ಸುಮಾರು 133 ಎಂಬಿ ಆಗುತ್ತದೆ. 4 ಜಿಬಿಯ ಕಾರ್ಡಿನಲ್ಲಿ ಇಂಥ ಮೂವತ್ತು ಫ್ರೇಮ್ ಇಟ್ಟರೆ ತುಂಬಿತು, ಅದರಲ್ಲೂ ವಿಂಡೋಸ್ ತನ್ನ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತದೆ. ಟಿಕ್ ಹಾಕಿದೊಡನೆ ತಂತ್ರಾಂಶ ಮುಚ್ಚಿಕೊಳ್ಳುತ್ತದೆ ಎನ್ನುವವರು ಡ್ರೈವರ್ (ವಿಂಡೋಸ್‌ಗೂ ಕಾರ್ಡಿಗೂ ನಡುವಿನ ತಂತ್ರಾಂಶ) ಹಳೆಯದೇ ಎಂದು ನೋಡಿದ ಮೇಲೆ ನೋಡಬೇಕಾದದ್ದು ಇದನ್ನು. 1080ಪಿ ಟೈಮ್‌ಲೈನಿನಲ್ಲಿ ಒಂದು ಫ್ರೇಮಿಗೆ ಬೇಕಾಗುವ ಜಾಗ ಇದರ ಕಾಲು ಭಾಗವಾದ್ದರಿಂದ, ಕೊನೆಗೆ ವಾಟ್ಸಾಪ್‌ನಲ್ಲಿ ಹಂಚುವುದಕ್ಕಷ್ಟೇ ಮಾಡುವ ವಿಡಿಯೊವನ್ನು 4ಕೆಯಲ್ಲಿ ಎಡಿಟ್ ಮಾಡುವ ಹಟ ಬೇಡ.

ನಡುವೆ ಒಂದು ಮಾತು. ಶೀರ್ಷಿಕೆಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿದ್ದರೆ ಕಾರ್ಡನ್ನಾಗಲಿ ಡ್ರೈವರನ್ನಾಗಲಿ ಮುಟ್ಟಿ ಪ್ರಯೋಜನವಿಲ್ಲ. ಅಕ್ಷರಗಳನ್ನು ಕೂಡಿಸಿ ರೂಪ ಕೊಡುವುದು ತಂತ್ರಾಂಶದ ಪಠ್ಯ ವಿಭಾಗ. ಕಾರ್ಡು ಅದರ ಕೈಯಿಂದ ಬಂದ ಚಿತ್ರವನ್ನು ಒಡೆದಿದ್ದರೆ ಒಡೆದಂತೆಯೇ ಬೆರೆಸುತ್ತದೆ. ಫೋನಿನ ವಿಡಿಯೊದಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುವುದೂ ಹೀಗೆಯೇ: ಬೆಳಕಿಗೆ ತಕ್ಕಂತೆ ಫೋನು ಫ್ರೇಮ್‌ಗಳ ವೇಗವನ್ನು ಏರಿಳಿಸಿ ಬರೆದಿರುವುದರಿಂದ ಬರುವ ತೊಂದರೆಗೆ ಯಾವ ಕಾರ್ಡಿನಲ್ಲೂ ಮದ್ದಿಲ್ಲ.

ಮೂರನೆಯದಾದ ಮಡಚುವ ಕೆಲಸದಲ್ಲಿ ವೇಗಕ್ಕೆ ಒಂದು ಬೆಲೆಯಿದೆ. ಪ್ರೊಸೆಸರಿನಲ್ಲಿ ಓಡುವ ಎಕ್ಸ್264ನಂಥ ಎನ್‌ಕೋಡರ್, ನಿಧಾನದ ಸೆಟ್ಟಿಂಗ್‌ನಲ್ಲಿ, ಯಾವ ಚೂರು ಹಿಂದಿನ ಫ್ರೇಮಿನ ಯಾವ ಜಾಗದಿಂದ ಸರಿದು ಬಂದಿದೆ ಎಂದು ಬಹಳ ಹೊತ್ತು ಹುಡುಕಿ ಅತ್ಯಂತ ಚಿಕ್ಕ ದಾರಿಯನ್ನು ಆರಿಸುತ್ತದೆ. ಕಾರ್ಡಿನ ಸರ್ಕ್ಯೂಟ್ ಅಷ್ಟು ಹುಡುಕುವುದಿಲ್ಲ. ಕೈಗೆ ಸಿಕ್ಕ ಒಳ್ಳೆಯ ದಾರಿಯನ್ನು ಹಿಡಿದು ಮುಂದೆ ಹೋಗುತ್ತದೆ. ಆದ್ದರಿಂದ ಒಂದೇ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟೇ ಬಿಟ್ ಬಳಸಿ, ಎರಡನ್ನೂ ಹೋಲಿಸಿದರೆ, ಬೀಳುವ ಮಳೆ, ಹಾರುವ ಅಕ್ಷತೆ, ತೂಗುವ ತೆಂಗಿನ ಗರಿಗಳಂಥ ದೃಶ್ಯಗಳಲ್ಲಿ ಸರ್ಕ್ಯೂಟ್ ಮಾಡಿದ ಫೈಲಿನಲ್ಲಿ ಸಣ್ಣ ಸಣ್ಣ ಚೌಕಗಳು ಮೊದಲು ಕಾಣಿಸಿಕೊಳ್ಳುತ್ತವೆ. ಎನ್‌ವಿಡಿಯಾದ 2018ರ ಟ್ಯೂರಿಂಗ್ ಪೀಳಿಗೆಯಿಂದ ಈಚೆಗೆ ಈ ಅಂತರ ಬಹಳ ಕಡಿಮೆಯಾಗಿದೆ. ಮನೆ ಬಳಕೆಗೆ ಪರಿಹಾರವೂ ಸುಲಭ: ಬಿಟ್‌ರೇಟ್ ಸ್ವಲ್ಪ ಹೆಚ್ಚಿಸಿದರಾಯಿತು. ಸಾಮಾನ್ಯ 4ಕೆ ವಿಡಿಯೊಗೆ, ಸೆಕೆಂಡಿಗೆ 30 ಫ್ರೇಮ್ ಇದ್ದಾಗ, ಯೂಟ್ಯೂಬ್ ಸೂಚಿಸುವುದು 35ರಿಂದ 45 ಮೆಗಾಬಿಟ್. ಕಳಿಸಿದ ಮೇಲೆ ಅದು ಹೇಗೂ ತನ್ನ ಲೆಕ್ಕದಲ್ಲಿ ಮತ್ತೊಮ್ಮೆ ಮಡಚುತ್ತದೆ. ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾದ, ಜಾಗವೂ ಉಳಿಯಬೇಕಾದ ಮನೆಯ ಪ್ರತಿಯನ್ನಾದರೆ ನಾನು ಪ್ರೊಸೆಸರಿಗೇ ಕೊಟ್ಟು ರಾತ್ರಿ ಬಿಟ್ಟು ಮಲಗುತ್ತೇನೆ.

ಕೊಳ್ಳುವವರು ಎಡವುವುದು ಹೆಚ್ಚಾಗಿ ಈ ಮೂರನೆಯ ಸರ್ಕ್ಯೂಟಿನ ವಿಷಯದಲ್ಲಿ. ಎಲ್ಲ ಗ್ರಾಫಿಕ್ಸ್ ಕಾರ್ಡುಗಳಲ್ಲೂ ಅದು ಇರುತ್ತದೆ ಎಂದುಕೊಳ್ಳುವುದು ತಪ್ಪು. ಎನ್‌ವಿಡಿಯಾದ ಜಿಟಿ 1030ರಲ್ಲಿ ಮಡಚುವ ಸರ್ಕ್ಯೂಟ್ ಇಲ್ಲ. 2022ರಲ್ಲಿ ಬಂದ ಎಎಮ್‌ಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡುಗಳಲ್ಲೂ ಇಲ್ಲ. ಇವು ತಮ್ಮ ಬೆಲೆಗೆ ಬೇರೆ ಕೆಲಸ ಮಾಡಿಕೊಡುತ್ತವೆ, ಆದರೆ ಎಕ್ಸ್‌ಪೋರ್ಟ್ ಪುಟದಲ್ಲಿ ಹಾರ್ಡ್‌ವೇರ್ ಎಂಬ ಆಯ್ಕೆ ಮಸುಕಾಗಿಯೇ ಉಳಿಯುತ್ತದೆ. ಪ್ರೊಸೆಸರ್ ಕೊಳ್ಳುವಾಗಲೂ ಇಂಥದ್ದೇ ಒಂದು ಹಳ್ಳವಿದೆ. ಇಂಟೆಲ್‌ನ ಕೋರ್ ಐ5-12400 ಮತ್ತು 12400ಎಫ್ ಎರಡೂ ಒಂದೇ ವೇಗದವು. ಎಫ್ ಅಕ್ಷರವಿರುವುದು ಕೆಲವು ಸಾವಿರ ಅಗ್ಗವೆಂದು ಅಂಗಡಿಗಳಲ್ಲಿ ಅದನ್ನೇ ಮುಂದೆ ಮಾಡುತ್ತಾರೆ. ಆ ಅಕ್ಷರದ ಅರ್ಥ, ಒಳಗಿನ ಗ್ರಾಫಿಕ್ಸ್ ಇಲ್ಲ ಎಂದು. ಅದರೊಂದಿಗೆ ಕ್ವಿಕ್ ಸಿಂಕ್ ಕೂಡ ಹೋಯಿತು. ಆಟಕ್ಕಾಗಿ ಕೊಳ್ಳುವವರಿಗೆ ಇದರಿಂದ ನಷ್ಟವಿಲ್ಲ, ವಿಡಿಯೊ ಎಡಿಟಿಂಗ್ ಮಾಡುವವರಿಗೆ ಇದೆ. ಎವಿ1 ಎಂಬ ಹೊಸ ಮಾದರಿಯಲ್ಲಿ ಮಡಚುವ ಮನೆ ಬಳಕೆಯ ಕಾರ್ಡುಗಳು ಬಂದದ್ದು 2022ರಲ್ಲಿ, ಇಂಟೆಲ್ ಆರ್ಕ್, ಆರ್‌ಟಿಎಕ್ಸ್ 40, ಆರ್‌ಎಕ್ಸ್ 7000 ಸರಣಿಗಳೊಂದಿಗೆ. ಸದ್ಯಕ್ಕೆ ಅದೊಂದಕ್ಕಾಗಿ ಕಾರ್ಡ್ ಬದಲಿಸಬೇಕಾದ ತುರ್ತು ನನಗೆ ಕಾಣುವುದಿಲ್ಲ.

ಮೂರೂ ಕೆಲಸಗಳು ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಎಕ್ಸ್‌ಪೋರ್ಟ್‌ಗೆ ಒಟ್ಟು 20 ನಿಮಿಷ ಹಿಡಿಯುತ್ತದೆ, ಅದರಲ್ಲಿ ಬಿಚ್ಚುವುದಕ್ಕೆ 10, ಎಫೆಕ್ಟ್‌ಗಳಿಗೆ 4, ಮಡಚುವುದಕ್ಕೆ 6 ಎಂದಿಟ್ಟುಕೊಳ್ಳಿ. ಎಫೆಕ್ಟ್‌ಗಳನ್ನು ಹತ್ತು ಪಟ್ಟು ಬೇಗ ಮಾಡುವ ಕಾರ್ಡ್ ತಂದರೆ ಉಳಿತಾಯವಾಗುವುದು ನಾಲ್ಕು ನಿಮಿಷಕ್ಕಿಂತ ಕಡಿಮೆ. ಬಿಚ್ಚುವುದನ್ನು ಸರ್ಕ್ಯೂಟಿಗೆ ವಹಿಸಿ ಅದು ಐದು ಪಟ್ಟು ಬೇಗವಾದರೆ ಎಂಟು ನಿಮಿಷ ಉಳಿತಾಯವಾಗುತ್ತದೆ. ನಿಜವಾದ ತಂತ್ರಾಂಶದಲ್ಲಿ ಮೂರೂ ಒಂದರ ಹಿಂದೆ ಒಂದು ಫ್ರೇಮ್ ಹಿಡಿದು ಏಕಕಾಲದಲ್ಲಿ ನಡೆಯುವುದರಿಂದ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ, ಆದರೆ ನಿಧಾನದ ಹಂತವೇ ಉಳಿದವನ್ನು ಹಿಡಿದು ನಿಲ್ಲಿಸುವುದು ಅಲ್ಲಿ ಇನ್ನೂ ಹೆಚ್ಚು.

ಯಾವ ಹಂತ ಸಿಕ್ಕಿಕೊಂಡಿದೆ ಎಂಬುದನ್ನು ವಿಂಡೋಸ್ 10 ಮತ್ತು 11ರ ಟಾಸ್ಕ್ ಮ್ಯಾನೇಜರ್ ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಸಂಬಂಧಿಯೊಬ್ಬರ ಮನೆಯಲ್ಲಿ ಹೊಸ ಕಾರ್ಡಿನಿಂದ ಏನೂ ಪ್ರಯೋಜನವಾಗಲಿಲ್ಲ ಎಂಬ ದೂರು ಬಂದಾಗ ನಾನು ಮೊದಲು ಮಾಡಿದ್ದು, ಟೈಮ್‌ಲೈನನ್ನು ಓಡಲು ಬಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಪರ್ಫಾರ್ಮೆನ್ಸ್ ಪುಟದ ಜಿಪಿಯು ವಿಭಾಗವನ್ನು ತೆರೆದದ್ದು. ಅಲ್ಲಿ ನಾಲ್ಕು ಚಿಕ್ಕ ಗ್ರಾಫ್‌ಗಳಿರುತ್ತವೆ: 3ಡಿ, ಕಾಪಿ, ವಿಡಿಯೊ ಎನ್‌ಕೋಡ್, ವಿಡಿಯೊ ಡಿಕೋಡ್, ಕೆಲವು ಕಾರ್ಡುಗಳಲ್ಲಿ ಕೊನೆಯ ಎರಡು ಒಂದೇ ಹೆಸರಿನಡಿ ಬರುತ್ತವೆ. ಹೆಸರಿನ ಪಕ್ಕದ ಪುಟ್ಟ ಬಾಣದ ಗುರುತನ್ನು ಒತ್ತಿ ಬೇರೆ ಗ್ರಾಫ್‌ಗಳನ್ನೂ ಆರಿಸಬಹುದು. ಆ ಮನೆಯ ಕಂಪ್ಯೂಟರಿನಲ್ಲಿ ಪ್ರೊಸೆಸರಿನ ಗೆರೆ ಮೇಲಂಚಿಗೆ ಅಂಟಿಕೊಂಡಿತ್ತು, 3ಡಿ ಗೆರೆ ಆಗೀಗ ಸ್ವಲ್ಪ ತಲೆ ಎತ್ತುತ್ತಿತ್ತು, ವಿಡಿಯೊ ಡಿಕೋಡ್ ಗೆರೆ ನೆಲಕ್ಕೆ ಮಲಗಿತ್ತು. ಅವರು ಟಿಕ್ ಹಾಕಿದ್ದು ಎಫೆಕ್ಟ್‌ಗಳಿಗೆ ಸಂಬಂಧಿಸಿದ ಚೌಕಕ್ಕೆ. ಡಿಕೋಡ್‌ಗೆ ಬೇರೊಂದು ಪುಟದಲ್ಲಿ ಬೇರೆಯದೇ ಚೌಕವಿತ್ತು. ಅದಕ್ಕೂ ಟಿಕ್ ಹಾಕಿ ತಂತ್ರಾಂಶವನ್ನು ಮುಚ್ಚಿ ತೆರೆದ ಮೇಲೆ ಮಲಗಿದ್ದ ಗೆರೆ ಎದ್ದು ನಿಂತಿತು, ಪ್ರೊಸೆಸರಿನ ಗೆರೆ ಇಳಿಯಿತು. ಕೆಲವು ತಂತ್ರಾಂಶಗಳು ಈ ಎರಡನೆಯ ಚೌಕವನ್ನು ಹಣ ಕೊಟ್ಟವರ ಆವೃತ್ತಿಗೆ ಮೀಸಲಿಡುತ್ತವೆಯಾದ್ದರಿಂದ, ಉಚಿತ ಆವೃತ್ತಿ ಬಳಸುವವರು ಕಾರ್ಡಿಗೆ ಹಣ ಸುರಿಯುವ ಮೊದಲು ಇದನ್ನು ಓದಿಕೊಳ್ಳಬೇಕು. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಇದ್ದರೆ ತಂತ್ರಾಂಶ ಯಾವುದನ್ನು ಹಿಡಿದಿದೆ ಎಂದೂ ನೋಡಬೇಕು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ಗ್ರಾಫಿಕ್ಸ್ ಪುಟದಿಂದ ಪ್ರತಿ ತಂತ್ರಾಂಶಕ್ಕೂ ಇದನ್ನು ನಿಗದಿ ಮಾಡಬಹುದು.

ಕೆಡೆನ್‌ಲೈವ್, ಶಾಟ್‌ಕಟ್‌ನಂಥ ಮುಕ್ತ ತಂತ್ರಾಂಶಗಳ ಮಾತು ಸ್ವಲ್ಪ ಬೇರೆ. ಅವುಗಳ ಎಫೆಕ್ಟ್‌ಗಳು ಬಹುಪಾಲು ಪ್ರೊಸೆಸರಿನಲ್ಲೇ ಓಡುತ್ತವೆ. ಕಾರ್ಡಿನ ಉಪಯೋಗ ಮುಖ್ಯವಾಗಿ ಎಕ್ಸ್‌ಪೋರ್ಟ್‌ನ ಮಡಚುವ ಹಂತದಲ್ಲಿ ಸಿಗುತ್ತದೆ. ಆದ್ದರಿಂದ ಇವನ್ನು ಬಳಸುವವರಿಗೆ ದೊಡ್ಡ ಕಾರ್ಡಿಗಿಂತ ಒಳ್ಳೆಯ ಪ್ರೊಸೆಸರ್ ಹೆಚ್ಚು ಕೆಲಸಕ್ಕೆ ಬರುತ್ತದೆ, ಅದಕ್ಕಿಂತಲೂ ಹೆಚ್ಚಾಗಿ ಪ್ರಾಕ್ಸಿ ಎಂಬ ಸೌಲಭ್ಯ. ಪ್ರಾಕ್ಸಿ ಎಂದರೆ ಮೂಲ ಫೈಲಿನ ಚಿಕ್ಕ ಗಾತ್ರದ ಪ್ರತಿ. ಅದರಲ್ಲಿ ಪ್ರತಿ ಫ್ರೇಮನ್ನೂ ಪೂರ್ಣ ಚಿತ್ರವಾಗಿ ಇಡುವ ಮಾದರಿಯನ್ನು ಆರಿಸಿದರೆ, ಗೆರೆ ಎಳೆದಾಗ ಹಿಂದಿನ ಐ-ಫ್ರೇಮ್ ಹುಡುಕಿಕೊಂಡು ಓಡುವ ಕಾಟವೇ ಇರುವುದಿಲ್ಲ. ಫೈಲುಗಳನ್ನು ಸೇರಿಸಿದ ಮೇಲೆ ಪ್ರಾಕ್ಸಿ ತಯಾರಿಸಲು ಹೇಳಿ ಎದ್ದು ಹೋದರೆ, ಬರುವಷ್ಟರಲ್ಲಿ ಎಂಟು ವರ್ಷದ ಹಳೆಯ ಕಂಪ್ಯೂಟರಿನಲ್ಲೂ ಟೈಮ್‌ಲೈನ್ ಬೆರಳ ಹಿಂದೆಯೇ ಬರುತ್ತದೆ. ಎಕ್ಸ್‌ಪೋರ್ಟ್ ಹೊತ್ತಿಗೆ ತಂತ್ರಾಂಶ ತಾನಾಗಿ ಮೂಲ ಫೈಲಿಗೆ ಹಿಂದಿರುಗುತ್ತದೆ. ಇನ್ನು ವಿಡಿಯೊದ ತಲೆ-ಬಾಲ ಕತ್ತರಿಸುವುದಷ್ಟೇ ಕೆಲಸವಾದರೆ ಅದನ್ನು ಬಿಚ್ಚುವುದೂ ಬೇಡ, ಮಡಚುವುದೂ ಬೇಡ. ಲಾಸ್‌ಲೆಸ್‌ಕಟ್‌ನಂಥ ತಂತ್ರಾಂಶಗಳು ಫೈಲಿನ ಬೇಕಾದ ಭಾಗವನ್ನು ಇದ್ದಂತೆಯೇ ನಕಲಿಸುತ್ತವೆ, ಹತ್ತು ನಿಮಿಷದ ತುಣುಕಿಗೂ ಕೆಲವೇ ಸೆಕೆಂಡು ಸಾಕಾಗುತ್ತದೆ. ಕತ್ತರಿ ಮಾತ್ರ ನೀವು ಹೇಳಿದ ಫ್ರೇಮಿನಲ್ಲೇ ಬೀಳದೆ ಹತ್ತಿರದ ಐ-ಫ್ರೇಮಿನಲ್ಲಿ ಬೀಳುತ್ತದೆ, ಹಾಗಾಗಿ ಆರಂಭದಲ್ಲಿ ಒಂದು ಕ್ಷಣ ಹೆಚ್ಚಿಗೆ ಉಳಿದುಕೊಳ್ಳಬಹುದು.